ಆರು ತಿಂಗಳ ರಜೆ

ಮೊರಿನ್ಯೋಸ್, ಗೊಯಾಸ್
೯ ಮಾರ್ಚ್ ೧೯೯೮

ಪ್ರೀತಿಯ ತಂಗಿ ಡಾಲ್ವಿನಾ,

ಗಂಟಲು ಹೇಗಿದೆ? ಭಾನುವಾರ ಟಿ.ವಿ.ಯಲ್ಲಿ ನೋಡಿದೆ, ಮೂರನೇ ಹಾಡಿಗೇ ನೀನು ಉಗುಳು ನುಂಗುತ್ತಿದ್ದೆ. ತಣ್ಣೀರು ಕುಡಿಯಬೇಡ ಎಂದರೆ ಕೇಳುವವಳಲ್ಲ ನೀನು. ನಾವಿಲ್ಲಿ ಚೆನ್ನಾಗಿದ್ದೇವೆ. ನನ್ನ ಮಗಳು ಮಾರ್ಲೂಸಿಗೆ ಮುಂದಿನ ವಾರ ಹನ್ನೊಂದು ತುಂಬುತ್ತದೆ.

ನಿನ್ನ ಪತ್ರ ಬಂತು. ನಿನ್ನ ಜೊತೆ ಹಾಡುವ ಆ ಹುಡುಗಿ ಬಸುರಿಯಂತೆ, ಜೂನ್‌ನಿಂದ ರಜೆಯಂತೆ, ಆರು ತಿಂಗಳ ಮಟ್ಟಿಗೆ ಅವಳ ಜಾಗದಲ್ಲಿ ನಾನು ಬಂದು ನಿಲ್ಲಬೇಕಂತೆ. ಅವಳ ಜಾಗವಂತೆ! ಪೆಟ್ರೋಲ್ ಬಂಕಿನ ಅಂಗಳದಲ್ಲಿ, ಸರ್ಕಸ್ಸಿನ ಡೇರೆಯಲ್ಲಿ, ಲಾರಿ ಮೇಲೆ ನಿಂತು ಹಾಡಿ ‘ಇರಾಸೆಮಾ–ಡಾಲ್ವಿನಾ’ ಎಂದು ಹೆಸರು ಮಾಡಿದವರು ಯಾರು? ಮೇಲಿನ ದನಿ ನಿನ್ನದು, ಕೆಳಗಿನ ದನಿ ನನ್ನದು. ಮೊದಲ ರೆಕಾರ್ಡ್ ಬಂದಾಗ ನಾನು ಏಳು ತಿಂಗಳ ಬಸುರಿ. “ಹೆರಿಗೆ ಮುಗಿಸ್ಕೊಂಡು ಬಾ ಅಕ್ಕಾ, ಆರೇ ತಿಂಗ್ಳು, ಅಲ್ಲೀವರ್ಗೂ ಯಾರನ್ನಾದ್ರೂ ನಿಲ್ಲಿಸ್ಕೊಂಡಿರ್ತೀನಿ” ಅಂದೆ. ಇದೇ ಹುಡುಗಿಯನ್ನು ನಿಲ್ಲಿಸಿಕೊಂಡೆ, ಅದೂ ನನ್ನ ಹೆಸರಿನಲ್ಲೇ. ಜೋಡಿಯ ಹೆಸರು ಕೆಡಬಾರದು, ಎಲ್ಲ ಜೋಡಿಗಳೂ ಹೀಗೇ ಮಾಡುವುದು ಎಂದು ನಿನ್ನ ಮ್ಯಾನೇಜರ್ ಹೇಳಿದ. ಮಗುವಿಗೆ ಆರು ತಿಂಗಳಾದಾಗ ಪೆಟ್ಟಿಗೆ ಕಟ್ಟಿಕೊಂಡು ಕೂತಿದ್ದೆ. “ಜನ ಅವಳಿಗೇ ಒಗ್ಗಿಬಿಟ್ಟಿದಾರೆ ಅಕ್ಕಾ” ಎಂದು ನಿನ್ನ ಫೋನು ಬಂತು. ಆಮೇಲೆ ಚಿನ್ನದ ರೆಕಾರ್ಡ್ ಬಂತು, ಇಬ್ಬರ ಮುಖ ಬರೆಸಿದ ಬಸ್ಸು ಬಂತು, ಸಾವೊ ಪಾವ್ಲೊದಲ್ಲಿ ಮನೆ ಬಂತು. ಎಲ್ಲವೂ ಇರಾಸೆಮಾಳಿಗೆ ಬಂತು, ನನ್ನೊಬ್ಬಳನ್ನು ಬಿಟ್ಟು.

ಹೊಟ್ಟೆಕಿಚ್ಚು ಅನ್ನುತ್ತೀಯ. ಹೌದು, ಹೊಟ್ಟೆಕಿಚ್ಚೇ. ನೀನು ಉಸಿರು ಎಳೆದುಕೊಳ್ಳುವಾಗ ಅವಳು ನಿನ್ನ ಬೆನ್ನ ಮೇಲೆ ಕೈಯಿಡುತ್ತಾಳಲ್ಲ, ಅದು ನನ್ನ ಕೈಯ ಜಾಗ. ಆಗ ನಿನಗೆ ಒಂಬತ್ತು ವರ್ಷ, ಮೊದಲ ಸಲ ಮೈಕಿನ ಮುಂದೆ ಗಡಗಡ ನಡುಗುತ್ತಿದ್ದೆ ಎಂದು ನಾನು ಇಟ್ಟ ಕೈ ಅದು. ಇಲ್ಲಿ ಪಮೊನ್ಯ ಕಡುಬು ಮಾಡಲು ಎಳೆ ಮೆಕ್ಕೆಜೋಳ ತರಲು ಹೋದರೆ ಪಕ್ಕದ ಮನೆಯ ದೋನಾ ಜಸೀರಾ, “ಏನೇ ಇರಾಸೆಮಾ, ಟಿವೀಲಿ ಸಣ್ಣಗಿದ್ದೆ, ಇಲ್ಲಿಗ್ ಬರೋಷ್ಟ್ರಲ್ಲಿ ಊದ್ಕೊಂಡ್ಬಿಟ್ಯಾ?” ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಾಳೆ. ನಾನೂ ನಗುತ್ತೇನೆ. ಮನೆಗೆ ಬಂದು ಪಾತ್ರೆ ಕುಕ್ಕುತ್ತೇನೆ.

ನಾನು ಬರುವುದಿಲ್ಲ. ಇನ್ನೊಬ್ಬ ಇರಾಸೆಮಾಳನ್ನು ಹುಡುಕಿಕೋ, ನಿನಗೆ ಅಭ್ಯಾಸವಿದೆ.

ದೇವಮಾತೆ ನಿನ್ನ ಗಂಟಲು ಕಾಯಲಿ. ಮಾರ್ಲೂಸಿ ಚಿಕ್ಕಮ್ಮನಿಗೆ ಮುತ್ತು ಕಳಿಸಿದ್ದಾಳೆ.

ನಿನ್ನ ಅಕ್ಕ,
ಇರಾಸೆಮಾ (ಅಸಲಿ)

ಅಂಟಿಸಿದ ಲಕೋಟೆ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ, ಅಂಚೆಯವನು ಬಾಗಿಲಲ್ಲೇ ನಿಂತಿದ್ದಾನೆ. ಬರುತ್ತೇನೆ. ಅವಳ ಬಟ್ಟೆ ಬೇಡ, ನನ್ನ ಅಳತೆಗೆ ಹೊಸದು ಹೊಲಿಸು. ಆರು ತಿಂಗಳು ಅಂದಿದ್ದೀಯ, ಆಗಲಿ. ನನ್ನದೂ ಆರೇ ತಿಂಗಳಾಗಿತ್ತು. ಆ ಹುಡುಗಿಗೆ ಅವಳಮ್ಮ ಇಟ್ಟ ಹೆಸರೇನು? ಕೇಳಿ ಬರೆ. ಇನ್ನು ಅವಳಿಗೆ ಅದು ಬೇಕಾಗುತ್ತದೆ.