ರಾಜನ ಬಾಯಲ್ಲಿ ತುತ್ತು

ಮಾರ್ಚ್ ೩, ಮಂಗಳವಾರ, ಮಧ್ಯಾಹ್ನ ೩

ಕೇಳಿರಿ, ಕೇಳಿರಿ, ನೆರೆದ ಮಹಾಸಭಿಕರೇ — ಅಂದರೆ ಮೇಜೇ, ಕುರ್ಚಿಯೇ, ಅರ್ಧ ಕುಡಿದಿಟ್ಟ ಚಹಾ ಲೋಟವೇ. ಕೆಳಗಿನ ಹಾಲ್‌ನಲ್ಲಿ ಇಂದೂ ಗೆದ್ದು ಬಂದೆ. ನಮ್ಮ ಕಟ್ಟಡದ ಒಂಟಿಜೀವಗಳು ಹನ್ನೆರಡು ಮಂದಿ ಮಂಗಳವಾರ, ಶುಕ್ರವಾರ ಕೂಡಿ ಬೇಯಿಸಿ, ಕೂಡಿ ಉಣ್ಣುವ ಏರ್ಪಾಡು. ಒಲೆ ಹಚ್ಚಲೂ ಬಾರದ ನನ್ನ ಪಾಲಿಗೆ ಬಂದದ್ದು ಕಥೆ ಹೇಳುವ ಕೆಲಸ. ರಾಜನನ್ನು ನದೀತೀರಕ್ಕೆ ತಂದು ನಿಲ್ಲಿಸಿದೆ. ಹಾಲ್ ಉಸಿರು ಬಿಗಿಹಿಡಿದಿತ್ತು. ಒಬ್ಬರೂ ಚಮಚ ಎತ್ತಲಿಲ್ಲ.

ತಟ್ಟೆ ತೊಳೆಯುವ ಸರದಿ ಬಸ್ ಡ್ರೈವರನದು. "ನೀವು ಬಂದಾಗಿಂದ ತೊಳೆಯೋದಕ್ಕಿಂತ ಉಳಿದ ಅನ್ನ ಬಳಿಯೋದೇ ಜಾಸ್ತಿ ಸ್ವಾಮಿ" ಎಂದ. ಹೊಗಳಿಕೆ ಎಂದುಕೊಂಡೆ.

ಮಾರ್ಚ್ ೧೩, ಶುಕ್ರವಾರ

ನರ್ಸ್ ಬಂದು ಎಲ್ಲರ ತೂಕ ನೋಡಿದಳು. ಕೆಳಗಿನ ಕೋಣೆಯ ಟೈಲರಕ್ಕ ಮೂವತ್ತೆಂಟು ಕೆಜಿ. ಹೋದ ತಿಂಗಳು ಮೂವತ್ತೊಂಬತ್ತಿತ್ತು. ನಲವತ್ತಾಗದೆ ಸೊಂಟದ ಆಪರೇಷನ್ ಇಲ್ಲ. ಆಪರೇಷನ್ ಇಲ್ಲದೆ ಅಕ್ಕನಿಗೆ ನಡಿಗೆ ಇಲ್ಲ.

"ತಾತ, ಬೇಜಾರು ಮಾಡ್ಕೋಬೇಡಿ. ನಿಮ್ಮ ಕಥೆ ಶುರುವಾದ ಮೇಲೆ ಎಲ್ಲರದೂ ಇಳಿದಿದೆ. ಬಾಯಿ ಬಿಟ್ಕೊಂಡು ಕೇಳ್ತಾರೆ, ಬಾಯಿಗೆ ಏನೂ ಹೋಗಲ್ಲ" ಎಂದಳು ನರ್ಸ್.

ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ನನ್ನ ದರ್ಬಾರಿನ ಅಂಗಿಗಳನ್ನೆಲ್ಲ ಹೊಲಿದ ಅಕ್ಕ. ಅವಳ ಅನ್ನಕ್ಕೆ ನಾನೇ ಕಲ್ಲು…

ಮಾರ್ಚ್ ೨೨, ಭಾನುವಾರ

ಮೂರು ಊಟ ತಪ್ಪಿಸಿದೆ. ಬನ್ನು, ಚಹಾ. ಗೋಡೆಗೆ ಕಥೆ ಹೇಳಿದೆ — ಗೋಡೆ ತೂಗಲಿಲ್ಲ ತಲೆ.

ಹನ್ನೊಂದಕ್ಕೆ ಬಾಗಿಲು ಬಡಿತ. ಟೈಲರಕ್ಕ. ಹದಿನಾಲ್ಕು ಮೆಟ್ಟಿಲು, ಒಂದೊಂದರಲ್ಲೂ ಕೂತು ಹತ್ತಿದ್ದಾಳೆ. ಕೊರಳಲ್ಲಿ ಅಳತೆಯ ಟೇಪು.

"ಕೈ ಎತ್ತು, ಮಹಾರಾಜ." ಎದೆಗೆ ಸುತ್ತಿದಳು. "ಮೂವತ್ತೆಂಟು ಇಂಚಿತ್ತು. ಈಗ ಮೂವತ್ತೈದು. ಗಂಟಲೊಂದು ಬಿಟ್ಟು ಎಲ್ಲಾ ಕರಗಿದೆಯಲ್ಲೋ."

"ನಾನು ಬಂದರೆ ನೀನು ಉಣ್ಣಲ್ಲ ಅಕ್ಕ."

"ಬರದಿದ್ರೆ ಗಂಟಲಲ್ಲಿ ಇಳಿಯಲ್ಲ. ಅಷ್ಟು ಜನರ ಮುಂದೆ ಕೂತು ನೀನು ಒಂದು ತುತ್ತಾದ್ರೂ ತಿಂದಿದ್ದು ಯಾರಾದ್ರೂ ನೋಡಿದಾರಾ? ಮೊದಲು ನೀನು ಬಾಯಿಗಿಡು. ಬಾಯಿ ತುಂಬಿದ್ರೆ ಮಾತು ನಿಲ್ಲುತ್ತೆ. ಮಾತು ನಿಂತ್ರೆ ನಾವೂ ಉಣ್ತೀವಿ."

ಮಾರ್ಚ್ ೨೪, ಮಂಗಳವಾರ

ರಾಜ ಕತ್ತಿ ಎತ್ತಿದ. ನಾನು ಚಮಚ ಎತ್ತಿದೆ. ಬೀನ್ಸು, ಬೇಳೆ. ಅಗಿದೆ… ಅಗಿದೆ. ಮಾಡಲು ಬೇರೆ ಕೆಲಸವಿಲ್ಲದೆ ಸಭೆಯೂ ಅಗಿಯಿತು.

"ಬೇಗ ನುಂಗಿ ಸ್ವಾಮಿ, ರಾಜನ ಕೈ ನೋಯುತ್ತೆ" ಎಂದ ಡ್ರೈವರ್.

ನಾಟಕ ಮುಗಿದ ಮೇಲೆ ತಣ್ಣಗಾದದ್ದನ್ನೇ ಜೀವಮಾನವಿಡೀ ಉಂಡವನು. ಬಿಸಿ ಬೇಳೆಗೆ ಇಷ್ಟು ರುಚಿಯೇ?

ಮೇ ೧೨, ಮಂಗಳವಾರ

ಅಕ್ಕ ನಲವತ್ತು ಕೆಜಿ, ಇನ್ನೂರು ಗ್ರಾಂ. ನನ್ನ ಎದೆ ಮೂವತ್ತಾರೂವರೆ. ಡ್ರೈವರ್ ಕೈಗೆ ಬಳಿಯಲು ಏನೂ ಸಿಗಲಿಲ್ಲ.

ಮೇ ೧೭, ಭಾನುವಾರ, ಸಂಜೆ ೫

ನಾಳೆ ಆಪರೇಷನ್. ಅಕ್ಕನ ಕೋಣೆಯಲ್ಲಿ ಬ್ಯಾಗು ಸಿದ್ಧ, ಟೇಪು ಮೇಲುಗಡೆ.

"ರಾಜ ನದಿ ದಾಟ್ತಾನೋ ಇಲ್ವೋ ಹೇಳಲೇ?" ಎಂದೆ.

"ಬೇಡ. ಎಚ್ಚರವಾದ ಮೇಲೆ ಹೇಳು. ಅದಕ್ಕಾದ್ರೂ ಎಚ್ಚರ ಆಗ್ಬೇಕಲ್ಲ." ಟೇಪನ್ನು ಸುರುಳಿ ಸುತ್ತಿದಳು. "ನಾಳೆ ಉಪವಾಸ ನನಗೆ ಮಾತ್ರ. ನೀನು ತಿಂದು ಬಾ."

ಆದ್ದರಿಂದ, ಸಭಿಕರೇ, ನಾಳೆ ಬೆಳಿಗ್ಗೆ ಆರಕ್ಕೆ ಏಳುತ್ತೇನೆ. ಒಲೆ ಹಚ್ಚುತ್ತೇನೆ, ನಾನೇ. ಎರಡು ಮೊಟ್ಟೆ ಬೇಯಿಸಿ, ಕೂತು, ಬಾಯಿ ಮುಚ್ಚಿ ತಿನ್ನುತ್ತೇನೆ — ಒಂದು ನನ್ನದು, ಒಂದು ಉಪವಾಸವಿರುವ ಅವಳ ಪಾಲಿನದು. ಆಮೇಲೆ ಹದಿನಾಲ್ಕು ಮೆಟ್ಟಿಲು ಇಳಿದು, ಅಕ್ಕನ ಕೈ ಹಿಡಿದು ಆಸ್ಪತ್ರೆಗೆ…