ನೀರುಗಂಟಿ ಕೋಲಿನ ಏಳನೆಯ ಕಚ್ಚು

ಮಾಳಗೊಂಡನಕೆರೆ
ಫೆಬ್ರವರಿ ಮೂವತ್ತು, ೨೧೮೭

ಹಿರಿಯರಾದ ತಿಪ್ಪೇರುದ್ರಪ್ಪ ಮೇಷ್ಟ್ರಿಗೆ, ಆರು ತಲೆಮಾರಿನ ಈಚೆಯಿಂದ ಸಣ್ಣೀರಪ್ಪನ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಫೆಬ್ರವರಿಗೆ ಆಗಿದ್ದ ಅನ್ಯಾಯವನ್ನು ನಮ್ಮ ಕಾಲದವರು ಸರಿಪಡಿಸಿದ್ದಾರೆ. ಆ ಅರ್ಜಿಗೆ ಮೊದಲ ರುಜು ನನ್ನದೇ ಎಂದರೆ ಊರಲ್ಲಿ ಯಾರೂ ನಂಬುವುದಿಲ್ಲ, ನೀವಾದರೂ ನಂಬಿ. ನಮ್ಮ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದಾವು, ಅದಕ್ಕೆ ಕ್ಷಮೆ ಇರಲಿ. ಓದಿದ್ದು ಏಳನೇ ಕ್ಲಾಸು, ಅದೂ ಈ ಊರಿನ ಶಾಲೆಯಲ್ಲೇ. ಆದರೆ ಕಾಗದ ಬರೆಯುವುದರಲ್ಲಿ ಸುತ್ತ ಹನ್ನೆರಡು ಊರಿಗೆ ನನ್ನನ್ನು ಬಿಟ್ಟರೆ ಗತಿಯಿಲ್ಲ. ಇನ್ನೊಂದು ವಿಷಯ. ಗೋಡೆಯ ಮೇಲಿನ ಫೋಟೋದಲ್ಲಿ ನಿಮಗೆ ಮೂವತ್ತೈದು ದಾಟಿಲ್ಲ, ನನಗೆ ಅರವತ್ತೆರಡು. ಹಾಗಾಗಿ ತಾತ ಎನ್ನಲು ಬಾಯಿ ಬರುತ್ತಿಲ್ಲ, ಮೇಷ್ಟ್ರೇ ಎನ್ನುತ್ತೇನೆ.

ಈ ಕಾಗದ ನಿಮ್ಮ ಕೈಗೆ ಬಂದದ್ದು ಹಿಂದಂಚೆಯಲ್ಲಿ. ಹಿಂದಂಚೆ ಎಂದರೆ ಕಳೆದುಹೋದ ಕಾಲಕ್ಕೆ ಹೋಗುವ ಟಪಾಲು. ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ ಕಾಗದ ಹಾಕಲು ಅವಕಾಶ. ಜನ ಅದನ್ನು ಸತ್ತ ತಾಯಿಗೆ, ಕೈತಪ್ಪಿದ ಹುಡುಗಿಗೆ ಬರೆಯಲು ಎತ್ತಿಟ್ಟುಕೊಂಡಿರುತ್ತಾರೆ. ನಾನು ಒಂದು ಕೋಲಿನ ಸಲುವಾಗಿ ಬರೆಯುತ್ತಿದ್ದೇನೆ. ನನ್ನ ಹೆಂಡತಿ ಎರಡು ದಿನದಿಂದ ಮಾತು ಬಿಟ್ಟಿದ್ದಾಳೆ.

ಹಳೇ ಶಾಲೆಯ ಎರಡು ಕೋಣೆಗಳಲ್ಲಿ ನೀವು ಶುರು ಮಾಡಿದ ಮ್ಯೂಸಿಯಂ ಇನ್ನೂ ಇದೆ ಮೇಷ್ಟ್ರೇ. ಅದರ ಅಧಿಕಾರಿ, ಕಾವಲುಗಾರ, ಕಸ ಗುಡಿಸುವವ ಎಲ್ಲ ನಾನೇ. ನಮ್ಮ ಕಾಲದಲ್ಲಿ ಎಲ್ಲರೂ ಕಣ್ಪೊರೆ ಹಾಕಿಕೊಳ್ಳುತ್ತಾರೆ. ಅದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪರದೆ, ಕಣ್ಣಿಗೆ ಅಂಟಿಸಿಕೊಂಡರೆ ಇಡೀ ಜಾಲ ಎದುರಿಗೆ ಬಂದು ನಿಲ್ಲುತ್ತದೆ. ನಮ್ಮೂರಿನ ಜನ ಹಲ್ಲುಜ್ಜುತ್ತಲೇ ಈಜಿಪ್ಟಿನ ದೊರೆಗಳ ಗೋರಿಯೊಳಗೆ ಒಂದು ಸುತ್ತು ಹೊಡೆದು ಬಂದು, ಬಾಯಿ ಮುಕ್ಕಳಿಸಿ, ಮುದ್ದೆಗೆ ಕೂರುತ್ತಾರೆ. ಆದರೂ ನಮ್ಮ ಎರಡು ಕೋಣೆಗೆ ಹೋದ ವರ್ಷ ಹನ್ನೊಂದು ಸಾವಿರ ಜನ ಬಂದಿದ್ದರು. ಬಾಗಿಲಿನ ಎಣಿಕೆ ಯಂತ್ರ ಮೇಕೆಗಳನ್ನೂ ಸೇರಿಸಿಕೊಳ್ಳುತ್ತದೆ ಎಂದು ಆಗದವರು ಹೇಳುತ್ತಾರೆ. ಬಂದವರು ಹೊಸ್ತಿಲಲ್ಲಿ ಕಣ್ಪೊರೆ ಕಿತ್ತು ನೀರಿನ ಬಟ್ಟಲಿಗೆ ಹಾಕಬೇಕು, ಸೀಗೆಪುಡಿಯಲ್ಲಿ ಕೈ ತೊಳೆಯಬೇಕು, ಆಮೇಲೆ ಏನನ್ನು ಬೇಕಾದರೂ ಮುಟ್ಟಬಹುದು. ಈ ಪದ್ಧತಿ ತಂದವನು ನಾನು. ಬೀಸುಕಲ್ಲು ತಿರುಗಿಸಿ ರಟ್ಟೆ ನೋಯಿಸಿಕೊಂಡು, ಅದನ್ನೇ ಒಂದು ಭಾಗ್ಯವೆಂಬಂತೆ ಮನೆಯವರಿಗೆ ಹೇಳಿಕೊಳ್ಳುತ್ತಾ ಹೋಗುತ್ತಾರೆ.

ಈಗ ಕೋಲಿನ ವಿಷಯಕ್ಕೆ ಬರುತ್ತೇನೆ. ನಿಮ್ಮ ದಾಖಲೆ ಪುಸ್ತಕದ ನಲವತ್ತೊಂದನೇ ಸಾಲಿನಲ್ಲಿ ನಿಮ್ಮದೇ ದುಂಡು ಅಕ್ಷರದಲ್ಲಿ ಹೀಗಿದೆ: ‘ನೀರುಗಂಟಿ ಕೋಲು. ಕಗ್ಗಲಿ ಮರ. ಕೊಟ್ಟವರು ಓಬಳಪ್ಪ.’ ಅಷ್ಟೇ. ಹತ್ತು ವರ್ಷದ ಹಿಂದೆ ಜಾಲದವರು ಎಲ್ಲ ವಸ್ತುಗಳ ಸುತ್ತುಬಿಂಬ ಹಿಡಿಯಲು ಬಂದರು. ಸುತ್ತುಬಿಂಬ ಎಂದರೆ ನಾಲ್ಕೂ ಕಡೆಯಿಂದ ತೆಗೆದ, ತಿರುಗಿಸಿ ನೋಡಬಹುದಾದ ಚಿತ್ರ. ಜಗತ್ತೆಲ್ಲ ನೋಡುವ ಚಿತ್ರವಲ್ಲವೇ ಎಂದು ನಾನು ಹಿಂದಿನ ದಿನವೇ ಒಂದೊಂದನ್ನೂ ತಿಕ್ಕಿ ತೊಳೆದೆ. ಕೋಲಿನ ಮೈಮೇಲೆ ಹುಳ ಕಡಿದಂತೆ ಸಣ್ಣ ಸಣ್ಣ ಕಚ್ಚುಗಳಿದ್ದವು. ಅವುಗಳಿಗೆ ಜೇನುಮೇಣ ತುಂಬಿ, ಎಣ್ಣೆ ಹಚ್ಚಿ, ಮದುವೆ ಗಂಡಿನ ಹಾಗೆ ಮಿಂಚಿಸಿದೆ. ಮೂರು ದೊಡ್ಡ ಕಚ್ಚುಗಳು ಮಾತ್ರ ಉಳಿದವು. ಬಿಂಬ ಬಹಳ ಚೆನ್ನಾಗಿ ಬಂತು.

ಆಮೇಲೆ ನಮ್ಮ ಕೆರೆಯ ತೂಬಿಗೆ ಯಂತ್ರ ಕೂರಿಸಿದರು. ಹಿರಿಯರ ಅಳತೆಯಲ್ಲೇ ನೀರು ಬಿಡಬೇಕೆಂದು ಊರಸಭೆ ಹಟ ಹಿಡಿಯಿತು. ಯಂತ್ರ ಜಾಲದಲ್ಲಿದ್ದ ಕೋಲಿನ ಬಿಂಬ ನೋಡಿ, ಅದರಲ್ಲಿ ಕಂಡ ಮೂರು ದೊಡ್ಡ ಕಚ್ಚುಗಳ ಎತ್ತರಕ್ಕೇ ತೂಬಿನ ಬೆಣೆಯನ್ನು ಎತ್ತತೊಡಗಿತು. ಮೂರು ವರ್ಷ ನೀರು ನುಗ್ಗಿ ನುಗ್ಗಿ ಹರಿದು, ಭತ್ತ ಹಾಲು ತುಂಬುವ ಹೊತ್ತಿಗೆ ಕೆರೆ ಬರಿದಾಗುತ್ತಿತ್ತು. ಎಲ್ಲರೂ ಹೂಳನ್ನು ಬೈದರು. ಎಲ್ಲರಿಗಿಂತ ಜೋರಾಗಿ ಬೈದವನು ನಾನು.

ಮೊನ್ನೆ ಇಲಾಖೆಯಿಂದ ಇಂಪನಾ ಮೇಡಂ ಆದೇಶ ಹಿಡಿದು, ಕಣ್ಪೊರೆ ಕೀಳದೆಯೇ ಒಳಗೆ ಬಂದರು. ಪೂರ್ತಿ ಬಿಂಬ ಸಿಕ್ಕಿರುವ ವಸ್ತುಗಳನ್ನು ಜಿಲ್ಲೆಯ ನೆಲಗೋದಾಮಿಗೆ ಸಾಗಿಸಿ ಕೋಣೆಗಳಿಗೆ ಬೀಗ ಹಾಕಬೇಕಂತೆ. “ಎಲ್ಲಾ ಜಾಲದಲ್ಲಿದೆಯಲ್ಲ ಸಣ್ಣೀರಪ್ಪನವರೇ, ಇಲ್ಲಿಟ್ಟು ಗೆದ್ದಲಿಗೆ ಹಾಕೋದು ಯಾಕೆ?” ಎಂದರು. ನಾನು ಟೀ ತರಿಸಿದೆ. ಅಷ್ಟರಲ್ಲಿ ಹೊನ್ನೂರಕ್ಕ ಬಂದಳು. ನಿಮಗೆ ಕೋಲು ಕೊಟ್ಟ ಓಬಳಪ್ಪನ ವಂಶದವಳು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಅವರಜ್ಜಿ ಊರಿನ ನೀರುಗಂಟಿಯಾಗಿ ನೀರೊಳಗೆ ಇಳಿದು ತೂಬು ಎತ್ತುತ್ತಿದ್ದದ್ದನ್ನು ಕಣ್ಣಾರೆ ಕಂಡವಳು. ಕೋಲನ್ನು ಒಯ್ಯುತ್ತಾರೆಂದು ಕೇಳಿ, ಕೊನೆಯ ಸಲ ಹಿಡಿದು ನೋಡಲು ಬಂದಿದ್ದಳು. ಹಿಡಿದವಳೇ ಕಣ್ಣು ಮುಚ್ಚಿ ಹೆಬ್ಬೆರಳು ಓಡಿಸಿದಳು, ನಿಂತಳು, ಮತ್ತೆ ಓಡಿಸಿದಳು.

“ಲೇ ಸಣ್ಣೀರ, ಏನೋ ಬಳಿದಿದ್ದೀಯ ಇದಕ್ಕೆ?”

“ಏನೂ ಇಲ್ಲ ಕಣಕ್ಕ, ಸ್ವಲ್ಪ ಎಣ್ಣೆ.”

“ಎಣ್ಣೆ ಅಂತೆ. ಬಾಯಿಗೆ ಮೇಣ ತುರುಕಿ ಮೂಕನ್ನ ಮಾಡಿದ್ದೀಯಲ್ಲೋ. ಕೆಸರುನೀರಲ್ಲಿ ಕಣ್ಣು ಕಾಣುತ್ತೇನೋ? ಇದು ಬೆರಳಿಗೆ ಕೊರೆದ ಕೋಲು.”

ಉಗುರಿನಿಂದ ಅವಳು ಮೇಣ ಎಬ್ಬಿಸುತ್ತಾ ಹೋದಳು. ಸಸಿಮಡಿಗೆ ಬಿಡುವ ನೀರಿಗೊಂದು, ನಾಟಿಗೊಂದು, ಕಳೆ ಕಿತ್ತ ಮೇಲೊಂದು ಎಂದು ಅಜ್ಜಿ ಕಲಿಸಿದಂತೆ ಒಂದೊಂದನ್ನೂ ಹೆಸರಿಟ್ಟು ಕರೆದಳು. ಮೂರಿದ್ದದ್ದು ಆರಾಯಿತು. ಮೇಡಂ ಕಣ್ಪೊರೆಯಲ್ಲಿ ಬಿಂಬ ತಿರುಗಿಸಿ ತಿರುಗಿಸಿ ನೋಡಿ, “ಇಲ್ಲಿ ಇವು ಇಲ್ಲವೇ ಇಲ್ಲ” ಎಂದರು. ಜಾಲದವರ ತಪ್ಪು ಎಂದು ಹೇಳಿಬಿಡಲು ನಾಲಿಗೆ ತುದಿಗೆ ಬಂದಿತ್ತು ಮೇಷ್ಟ್ರೇ. ಹೊನ್ನೂರಕ್ಕ ನನ್ನನ್ನೇ ನೋಡುತ್ತಿದ್ದಳು. ಮೂರು ಬೆಳೆಯ ನೀರು ಹರಿದುಹೋದದ್ದು ನನ್ನ ಶೋಕಿಯಿಂದ ಎಂದು ಒಪ್ಪಿಕೊಂಡೆ. ಬದುಕಿನಲ್ಲಿ ಕೊಚ್ಚಿಕೊಳ್ಳದೆ ಆಡಿದ ಮಾತು ಅದೊಂದೇ ಇರಬೇಕು.

ಒಪ್ಪಿಕೊಂಡದ್ದೇ ಕೆಟ್ಟಿತು. “ಹಾಗಾದರೆ ಸುಲಭ. ಹೊಸ ಬಿಂಬ ಹಿಡಿಯೋಣ, ಕೋಲು ಒಯ್ಯೋಣ” ಎಂದರು ಮೇಡಂ. ಆಗ ಹೊನ್ನೂರಕ್ಕನ ಹೆಬ್ಬೆರಳು ಹಿಡಿಯ ಕೆಳಗೆ, ಹಿಂಬದಿಯಲ್ಲಿ, ಗಕ್ಕನೆ ನಿಂತಿತು. ಅಲ್ಲೊಂದು ಏಳನೆಯ ಕಚ್ಚು ಇತ್ತು, ಓರೆಯಾಗಿ, ಎಲ್ಲಕ್ಕಿಂತ ಸಣ್ಣದು. “ಇದು ನಂಗೆ ಗೊತ್ತಿಲ್ಲ” ಎಂದಳು. ಅವಳ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಮೇಡಂ ಕಣ್ಪೊರೆ ಕಿತ್ತು ಬಟ್ಟಲಿಗೆ ಹಾಕಿ, ಕಣ್ಣು ಮುಚ್ಚಿ, ತಾವೇ ಬೆರಳಿಟ್ಟು ನೋಡಿದರು. ಟೀ ಆರಿಹೋಯಿತು. ಜಾಲವನ್ನೆಲ್ಲ ಜಾಲಾಡಿದರೂ ಆ ಕಚ್ಚಿನ ಸುದ್ದಿ ಎಲ್ಲೂ ಇರಲಿಲ್ಲ. ಇರುವುದಾದರೂ ಹೇಗೆ? ಅದನ್ನು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲವಲ್ಲ. ಕೊನೆಗೆ ಅವರು ಆದೇಶದ ಅಂಚಿನಲ್ಲಿ ಬರೆದರು: ‘ಈ ಸಂಗ್ರಹದಲ್ಲಿ ಇನ್ನೂ ತಿಳಿಯಬೇಕಾದದ್ದು ಇದೆ. ತಿಳಿಯುವವರೆಗೆ ಸಾಗಿಸುವಂತಿಲ್ಲ.’ ಅವರು ಹೋದ ಮೇಲೆ ನಾನು ಬೀಸುಕಲ್ಲಿನ ಸುತ್ತ ಕುಣಿದೆ. ಹೊನ್ನೂರಕ್ಕ ಬಾಯಿಗೆ ಸೆರಗು ಹಿಡಿದು ನಕ್ಕಳು. ತೂಬನ್ನು ಈಗ ಅವಳ ಆರು ಕಚ್ಚಿನ ಲೆಕ್ಕದಲ್ಲೇ ಎತ್ತುತ್ತಿದ್ದಾರೆ, ಕೆರೆಯಲ್ಲಿ ನೀರು ಉಳಿಯುತ್ತಿದೆ.

ಆದರೆ ಹೊನ್ನೂರಕ್ಕನಿಗೆ ನಿದ್ದೆಯಿಲ್ಲ. ಎಪ್ಪತ್ತೆರಡು ವರ್ಷ, ಆ ಕಚ್ಚು ಏನೆಂದು ತಿಳಿಯದೆ ಸಾಯಲಾರೆ ಎನ್ನುತ್ತಾಳೆ. ಅವಳ ಮನೆತನದ ಮಾತನ್ನು ಅವಳಿಂದ ಹತ್ತು ವರ್ಷ ಮುಚ್ಚಿಟ್ಟವನು ನಾನು, ತೀರಿಸಬೇಕಾದವನೂ ನಾನೇ. ಆದ್ದರಿಂದ ಕೈಮುಗಿದು ಕೇಳುತ್ತೇನೆ. ನಿಮ್ಮ ಓಬಳಪ್ಪ ಇನ್ನೂ ಇದ್ದಾನೆ. ಇವತ್ತೇ ಅವನ ಮನೆಗೆ ಹೋಗಿ, ಕೋಲನ್ನು ಕೈಗೆ ಕೊಟ್ಟು, ಏಳನೆಯ ಕಚ್ಚು ಯಾತಕ್ಕೆಂದು ಕೇಳಿ. ಫೋನಿನಲ್ಲಿ ಫೋಟೋ ತೆಗೆದುಕೊಂಡು ಬಂದರೆ ಆಗದು. ಅವನು ಹೇಳಿದ್ದನ್ನು ಚೀಟಿಯಲ್ಲಿ ಬರೆದು ಕೋಲಿಗೆ ಕಟ್ಟಿ. ದಮ್ಮಯ್ಯ, ಕೋಲನ್ನು ಮಾತ್ರ ಒರೆಸಬೇಡಿ.

ನೀವು ಲೆಕ್ಕದ ಮೇಷ್ಟ್ರು, ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು. ಏಳನೆಯ ಕಚ್ಚು ತಿಳಿದುಬಿಟ್ಟರೆ ಮೇಡಂ ಬರೆದ ಮಾತು ಮುಗಿಯಿತು, ನಮ್ಮ ಬಾಗಿಲಿಗೆ ಬೀಗ. ಅದಕ್ಕೆ ಇನ್ನೊಂದು ಉಪಕಾರ ಮಾಡಿ. ಓಬಳಪ್ಪನ ಮನೆಯಿಂದ ಬರುವಾಗ ನಿಮಗಾಗಲಿ ಅವನಿಗಾಗಲಿ ಏನೆಂದೇ ತಿಳಿಯದ ಒಂದು ವಸ್ತುವನ್ನು ಅಟ್ಟದಿಂದ ಇಳಿಸಿಕೊಂಡು ಬಂದು, ನಲವತ್ತೆರಡನೇ ಸಾಲಿನಲ್ಲಿ ಸೇರಿಸಿ. ಆ ಸಾಲು ಇವತ್ತಿನವರೆಗೂ ಖಾಲಿ ಇದೆ. ಯಾಕೆ ಬಿಟ್ಟಿರೋ ಇದನ್ನು ಬರೆಯುವವರೆಗೂ ನನಗೆ ಗೊತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಹೊನ್ನೂರಕ್ಕನನ್ನೂ ಕರೆದುಕೊಂಡು ಹೋಗಿ, ಬೀಗ ತೆಗೆದು ಕೋಲು ನೋಡುತ್ತೇನೆ.

ಇಂತಿ ನಿಮ್ಮ,
ಸಣ್ಣೀರಪ್ಪ