ಒಡ್ಡಿನಾಟಕ್ಕೆ ಒಂದು ಕೊನೆಯ ಸರದಿ ಇತ್ತು

ಭಾವಿಕೇರಿ, ಅಂಕೋಲಾ
ಸೆಪ್ಟೆಂಬರ್ ೨೦೦೮

ಕದ್ವಾಡದ ಸಂಕೇತನಿಗೆ,

ನಿನ್ನ ಇಮೇಲನ್ನು ಅಂಕೋಲೆಯ ಕಂಪ್ಯೂಟರ್ ಅಂಗಡಿಯಲ್ಲಿ ಕೂತು ಓದಿದೆ. ‘ಒಡ್ಡು’ ಆಟದ ಎರಡನೇ ಆವೃತ್ತಿ ತರುತ್ತಿದ್ದೀಯಂತೆ. ಆಟದ ಬಲ ಯಾವುದು, ದೋಷ ಯಾವುದು, ಮುಚ್ಚುಮರೆ ಇಲ್ಲದೆ ಬರೆದು ಕಳಿಸು, ನಿನ್ನಷ್ಟು ಅದನ್ನು ಬಲ್ಲವರು ಬೇರೆ ಇಲ್ಲ ಎಂದಿದ್ದೀಯ. ಕಡೆಗೆ, ಹೊಸ್ತಿಲು ದಾಟುವಾಗ ನೆನಪಾಯಿತು ಎನ್ನುವವನ ಹಾಗೆ, ಹಿಂದೆ ತೆಗೆದುಹಾಕಿದ್ದ ಕೊನೆಯ ಸರದಿಯ ನಿಯಮಗಳನ್ನೂ ಜೊತೆಗೆ ಕಳಿಸು ಎಂದು ಒಂದು ಸಾಲು. ನೀನು ಇಷ್ಟುದ್ದ ಬರೆದದ್ದೇ ಆ ಒಂದು ಸಾಲಿಗಾಗಿ ಎಂದು ನನಗೆ ಗೊತ್ತಾಗದೆ ಇರುತ್ತದೆಯೇ? ಕಾರವಾರದಿಂದ ಇಲ್ಲಿಗೆ ಬಸ್ಸಿದೆ. ಎದುರಿಗೆ ಬಂದು ಕೇಳಲು ಮುಖ ಇಲ್ಲದವರಿಗೆ ಇಮೇಲ್ ಬಹಳ ಅನುಕೂಲ. ನಾನಂತೂ ಕಾಗದದಲ್ಲೇ ಬರೆಯುತ್ತಿದ್ದೇನೆ.

ಮೊದಲು ಬಲವನ್ನೇ ಹೇಳುತ್ತೇನೆ. ಕೋಪವಿದೆ ಎಂಬ ಕಾರಣಕ್ಕೆ ಸುಳ್ಳು ಹೇಳುವವಳಲ್ಲ ನಾನು. ಆಟ ಚೆನ್ನಾಗಿದೆ. ಪರದೆಯ ಮೇಲೆ ಚೌಕ ಚೌಕವಾಗಿ ಕಡಲಂಚಿನ ನಮ್ಮ ಗಜನಿ ಗದ್ದೆಗಳು, ಅವುಗಳ ಸುತ್ತ ಮಣ್ಣಿನ ಒಡ್ಡು, ಒಡ್ಡಿನ ಆಚೆ ಉಪ್ಪುನೀರಿನ ಹಳ್ಳ. ಆಡುವವನ ಕೈಯಲ್ಲಿ ಊರಿನ ಕೆಲವೇ ಜನ, ನಮ್ಮ ಕೇರಿಯವರದೇ ಹೆಸರು ಅವರಿಗೆ. ಮೊದಲು ನಮ್ಮ ಸರದಿ, ಆಮೇಲೆ ನೀರಿನ ಸರದಿ. ನೀರು ಯಾವ ಚೌಕಕ್ಕೆ ನುಗ್ಗಲಿದೆ ಎಂಬುದು ಮೊದಲೇ ತಿಳಿನೀಲಿಯಾಗಿ ಕಾಣಿಸುತ್ತದೆ. ಅಲ್ಲಿದೆ ಅದರ ಸೊಗಸು. ಸೋತರೆ ಯಾರನ್ನೂ ಬೈಯುವ ಹಾಗಿಲ್ಲ. ಸಮುದ್ರ ಹೇಳಿಯೇ ಬಂದಿತ್ತು, ಕೇಳಿಸಿಕೊಳ್ಳದವರು ನಾವು. ಬೊಮ್ಮು ದೂರಕ್ಕೆ ಮಣ್ಣು ಎಸೆಯುತ್ತಾನೆ, ಆದರೆ ಕೆಸರಿನಲ್ಲಿ ನಿಧಾನ. ಮುದುಕ ಮಾಸ್ತಿಗೆ ಬುಟ್ಟಿ ಎತ್ತಲಾಗದು, ಆದರೆ ಜಂತ್ರಡಿಯ ಹತ್ತಿರ ಕೂರಿಸಿದರೆ ನೀರು ಬಿಡುವ ಆ ಹಲಗೆಬಾಗಿಲನ್ನು ಅವನಷ್ಟು ಬೇಗ ಮುಚ್ಚುವವರು ಇನ್ನೊಬ್ಬರಿಲ್ಲ. ಕೈಲಾಗದವರು ಯಾರೂ ಇಲ್ಲ, ಯಾರನ್ನು ಎಲ್ಲಿ ನಿಲ್ಲಿಸುತ್ತೀ ಎಂಬುದೇ ಲೆಕ್ಕ. ಅಮಾವಾಸ್ಯೆ ಹುಣ್ಣಿಮೆಯ ಸುತ್ತುಗಳಲ್ಲಿ ಉಬ್ಬರ ಏರುವಾಗ ನಾನು ಈಗಲೂ ಚೌಕಗಳನ್ನು ಎರಡೆರಡು ಸಲ ಎಣಿಸುತ್ತೇನೆ.

ಇದನ್ನೆಲ್ಲ ನಾವು ಮೊದಲು ಆಡಿದ್ದು ಕಂಪ್ಯೂಟರಿನಲ್ಲಲ್ಲ, ನಮ್ಮ ಮನೆಯ ಜಗಲಿಯಲ್ಲಿ. ಕಾರವಾರದ ಕಂಪ್ಯೂಟರ್ ತರಗತಿಯಲ್ಲಿ ನಾವಿಬ್ಬರೂ ಕಲಿಸುತ್ತಿದ್ದ ಕಾಲ. ಭಾನುವಾರ ನೀನು ಬಸ್ಸು ಹತ್ತಿ ಬರುತ್ತಿದ್ದೆ. ನಾನು ಸೀಮೆಸುಣ್ಣದಲ್ಲಿ ನಮ್ಮೂರ ಗದ್ದೆಗಳಂತೆಯೇ ಚೌಕ ಬರೆದು, ಹುಣಸೆಬೀಜಗಳನ್ನು ಜನರನ್ನಾಗಿ ಮಾಡಿ, ನಿಯಮ ಹೇಳುತ್ತಿದ್ದೆ. ನೀನು ಕಂಪ್ಯೂಟರಿಗೆ ಅದನ್ನು ಅರ್ಥಮಾಡಿಸುತ್ತಿದ್ದೆ. ಆಯಿ ಮೀನು ಹೆಚ್ಚುತ್ತಾ ಕೂತಲ್ಲಿಂದಲೇ, ಮಗಳ ಪಡೆಯನ್ನು ಬಿಟ್ಟು ನಿನ್ನ ಪಡೆಯನ್ನು ನೋಡಿ ನಗುತ್ತಿದ್ದಳು. ಒಮ್ಮೆ ಕೈತೊಳೆದು ಬಂದು ಆಡಲು ಕೂತವಳು ಮೊದಲ ಸರದಿಯಲ್ಲೇ ಮೂಲೆಯ ತಗ್ಗಿನ ಗದ್ದೆಯನ್ನು ನೀರಿಗೆ ಬಿಟ್ಟು ಉಳಿದದ್ದೆಲ್ಲವನ್ನೂ ಉಳಿಸಿಕೊಂಡಳು. ನೀನು ಬಾಯಿ ತೆರೆದುಕೊಂಡು ಕೂತಿದ್ದೆ. ಅದು ನಮ್ಮದೇ ಗದ್ದೆ ಎಂದು ನಿನಗೆ ಆಮೇಲೆ ಗೊತ್ತಾಯಿತು.

ಆ ಮಳೆಗಾಲದಲ್ಲೇ ಅದು ನಿಜವೂ ಆಯಿತು. ಅಮಾವಾಸ್ಯೆಯ ಉಬ್ಬರಕ್ಕೆ ಒಡ್ಡು ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಊರೆಲ್ಲ ಕೆಸರಿನಲ್ಲಿ ನಿಂತಿತ್ತು, ನೀನೂ ಪ್ಯಾಂಟು ಮಡಚಿಕೊಂಡು ಬುಟ್ಟಿ ದಾಟಿಸುತ್ತಿದ್ದೆ. ಒಂದು ಕಡೆ ಒಡ್ಡು ಕಡಿದು ನೀರಿಗೆ ದಾರಿ ಕೊಟ್ಟರೆ ಉಳಿದ ಗದ್ದೆಗಳು ಉಳಿಯುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು. ಎಲ್ಲಿ ಎಂಬುದೂ ಗೊತ್ತಿತ್ತು. ಗಂಡನಿಲ್ಲದ ಹೆಂಗಸಿನ ಗದ್ದೆ ಎಂದು ಯಾರೂ ಬಾಯಿಬಿಡಲಿಲ್ಲ. ಆಯಿಯೇ ಹೇಳಿದಳು: “ನೀರಿಗೂ ಹೋಗುಕೆ ಒಂದು ಜಾಗ ಬೇಕಲ. ತಗ್ಗಿದ್ದದ್ದು ನಮ್ದೇ. ಕಡೀರಿ.” ಹೇಳಿ ಮೊದಲ ಪಿಕಾಸಿ ಏಟನ್ನು ತಾನೇ ಹಾಕಿದಳು.

ನಮ್ಮ ಕೇರಿಯ ಪದ್ಧತಿ ನೀನು ಕಣ್ಣಾರೆ ಕಂಡದ್ದು. ಊರನ್ನು ಉಳಿಸಲು ಯಾರ ಗದ್ದೆ ಮುಳುಗಿತೋ ಅವರ ಮನೆಗೆ, ಉಳಿದವರೆಲ್ಲ ತಮ್ಮ ತಮ್ಮ ಬೆಳೆಯ ಪಾಲನ್ನು ತಲೆಯ ಮೇಲೆ ಹೊತ್ತು ತಂದು ಇಳಿಸಬೇಕು. ಹಾಗೆ ಇಳಿಸುವವರೆಗೆ ಯಾರ ಮನೆಯಲ್ಲೂ ಹೊಸತಿನ ಹಬ್ಬದ ಹೊಸ ಅಕ್ಕಿಯ ಅನ್ನ ಉಣ್ಣುವಂತಿಲ್ಲ. ಮುಳುಗಿಸಿಕೊಂಡವರು ಹೋಗಿ ಕೇಳಬಾರದು, ಕೊಡುವವರು ಬೇರೆಯವರ ಕೈಯಲ್ಲಿ ಕಳಿಸಬಾರದು. ಯಾರ ಗದ್ದೆ ಉಳಿಯಿತೋ ಅವರೇ ಹೊರಬೇಕು. ‘ಪಾಲು ತರದೆ ಉಂಡವ’ ಎಂದರೆ ನಮ್ಮಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇಲ್ಲ. ಆ ವರ್ಷ ಬೊಮ್ಮುವಿನ ಹಿಂದೆ ನೀನೂ ಅವನ ಪಾಲಿನದೇ ಒಂದು ಬುಟ್ಟಿ ಭತ್ತ ಹೊತ್ತು ಬಂದೆ. ನಿನಗೆ ಗದ್ದೆಯೂ ಇರಲಿಲ್ಲ, ಬೆಳೆಯೂ ಇರಲಿಲ್ಲ, ಆಸೆಗೆ ಹೊತ್ತದ್ದು. ಒಡ್ಡಿನ ಮೇಲೆ ಜಾರಿ ಅರ್ಧ ಭತ್ತ ಚೆಲ್ಲಿದೆ. ನಾನು ನಗುತ್ತಿದ್ದರೆ ಆಯಿ ನನಗೇ ಗದರಿದಳು: “ನಗೂದೆಂತಕೆ? ಹೊತ್ಕಂಡು ಬಂದವ, ಮೊದ್ಲು ಆಸ್ರಿಗೆ ಕೊಡು.” ನೀನು ಜಗಲಿಯಲ್ಲಿ ಆಸರಿಗೆಂದು ಕೊಟ್ಟ ಮಜ್ಜಿಗೆ ಕುಡಿಯುತ್ತಾ, ಇದೇ ನಮ್ಮ ಆಟದ ಕೊನೆಯ ಸರದಿ, ಇಂಥದ್ದು ಲೋಕದ ಯಾವ ಆಟದಲ್ಲೂ ಇಲ್ಲ ಎಂದೆ. ನಿನ್ನ ಕಣ್ಣು ಒದ್ದೆಯಾಗಿತ್ತು. ಅದು ನಾಟಕ ಎಂದು ಈಗಲೂ ನಾನು ಹೇಳುವುದಿಲ್ಲ.

ಆ ಸರದಿಯನ್ನು ನಾನು ಬರೆದೆ. ನೀರಿಳಿದ ಮೇಲೆ ಉಳಿದವರೆಲ್ಲ ಒಬ್ಬೊಬ್ಬರಾಗಿ ಒಡ್ಡಿನ ಮೇಲೆ ನಡೆದು ತಗ್ಗಿನ ಮನೆಗೆ ಪಾಲು ಮುಟ್ಟಿಸಬೇಕು. ಯಾರಾದರೂ ಮುಟ್ಟಿಸದೆ ಉಳಿದರೆ ಗೆದ್ದ ಆಟವೂ ಸೋತಂತೆ. ಹಾಗಾಗಿ ತಗ್ಗಿನ ಗದ್ದೆಯನ್ನು ಮುಳುಗಿಸುವಾಗಲೇ ಆಡುವವನು ಯೋಚಿಸಬೇಕಿತ್ತು, ಆಮೇಲೆ ಅಲ್ಲಿಗೆ ಹೋಗಲು ದಾರಿ ಉಳಿಸಿಕೊಳ್ಳಬೇಕಿತ್ತು. ಇಡೀ ಆಟದ ಬೆನ್ನೆಲುಬು ಅದು.

ಈಗ ದೋಷ ಕೇಳು. ಸಣ್ಣದು ಮೊದಲು. ಏಡಿ ಒಡ್ಡಿನಲ್ಲಿ ಬಿಲ ತೋಡುವುದನ್ನು ನೀನು ಅದೃಷ್ಟಕ್ಕೆ ಬಿಟ್ಟಿದ್ದೀಯ. ಎಲ್ಲಿ ಬೇಕಾದರೂ ಏಕಾಏಕಿ ತೂತು. ಏಡಿಯ ಬಿಲವಿದ್ದಲ್ಲಿ ಮೊದಲು ಗುಳ್ಳೆ ಏಳುತ್ತದೆ, ಅದನ್ನು ತೋರಿಸು ಎಂದು ನಾನು ಬಡಿದುಕೊಂಡಿದ್ದೆ. ಸಮುದ್ರ ಹೇಳಿ ಬರುವ ಆಟದಲ್ಲಿ ಏಡಿ ಮಾತ್ರ ಕದ್ದು ಬರುವುದು ಅನ್ಯಾಯ. ‘ಹಿಂದಕ್ಕೆ’ ಎಂಬ ಗುಂಡಿಯೂ ಬೇಡವಾಗಿತ್ತು. ಒಮ್ಮೆ ಕಡಿದ ಒಡ್ಡನ್ನು ಬೆರಳಲ್ಲಿ ಒತ್ತಿ ಕೂಡಿಸಬಹುದಾದರೆ, ಕಡಿಯುವ ಮೊದಲು ಯಾರು ತಾನೇ ಕೈ ತಡೆದಾರು?

ದೊಡ್ಡ ದೋಷ ನಿನಗೇ ಗೊತ್ತಿದೆ. ಪುಣೆಯ ಕಂಪನಿಯವರು ಆಟ ಕೊಳ್ಳುತ್ತೇವೆ ಎಂದು ಬಂದಾಗ ಕೊನೆಯ ಸರದಿ ಉದ್ದವಾಯಿತು ಎಂದರಂತೆ. ನೀನು ಕಡಿದುಹಾಕಿದೆ. ನಾನು ಜಗಳಕ್ಕೆ ನಿಂತರೆ, “ಆಟ ಗೆದ್ದ ಮೇಲೂ ಭತ್ತ ಹೊರೂಕೆ ಯಾರು ಕೂತ್ಕಂತಾರೆ ಗೋ?” ಎಂದು ನೀನು ಕೇಳಿದೆ. ಈಗ ನಿನ್ನ ಆಟ ಆಡುವವರೆಲ್ಲ ಇಂಟರ್ನೆಟ್ಟಿನಲ್ಲಿ ಒಬ್ಬರಿಗೊಬ್ಬರು ಉಪಾಯ ಹೇಳಿಕೊಡುತ್ತಿದ್ದಾರೆ: ಕಣ್ಣುಮುಚ್ಚಿ ತಗ್ಗಿನ ಗದ್ದೆ ಮುಳುಗಿಸಿ, ಯಾವಾಗಲೂ ಗೆಲ್ಲುತ್ತೀರಿ. ನನ್ನ ಆಯಿಯ ಗದ್ದೆ, ಸಂಕೇತ. ಅವಳು ಪಿಕಾಸಿ ಎತ್ತಿದ್ದನ್ನು ನೀನು ಒಂದು ಅಗ್ಗದ ಉಪಾಯ ಮಾಡಿಬಿಟ್ಟೆ. ಈಗ ವಿಮರ್ಶೆ ಬರೆಯುವವರು, ಗೆದ್ದ ಮೇಲೂ ಏನೋ ಕೊರತೆ, ಕೊನೆ ಸಪ್ಪೆ ಎಂದರು ನೋಡು, ಆಗ ನಿನಗೆ ನನ್ನ ನೆನಪಾಯಿತು.

ಆಟ ತೆರೆದಾಗ ಮೊದಲು ಬರುವ ಪರದೆಯನ್ನು ನಾನು ಅದೇ ಅಂಗಡಿಯಲ್ಲಿ ನೋಡಿದೆ. ‘ಕಲ್ಪನೆ, ರಚನೆ: ಸಂಕೇತ.’ ಅಷ್ಟೇ. ಸಣ್ಣ ಊರಿನ ಹುಡುಗ ಒಬ್ಬನೇ ಕೂತು ಮಾಡಿದ ಆಟ ಎಂದರೆ ಜನಕ್ಕೆ ಕುತೂಹಲ, ಆಮೇಲೆ ಸರಿಮಾಡುತ್ತೇನೆ ಎಂದು ನೀನು ಫೋನಿನಲ್ಲಿ ಹೇಳಿದೆ. ನನ್ನನ್ನು ಕೇಳಿದ್ದರೆ, ಸಂಕೇತ ಎಂಬ ಹೆಸರೊಂದೇ ಇದ್ದರೆ ಆಟ ದಡ ಸೇರುತ್ತದೆ ಎಂದಿದ್ದರೆ, ಆಯಿಯ ಮಗಳು ನಾನು, ಕಡಿ ಎಂದೇ ಅನ್ನುತ್ತಿದ್ದೆನೇನೋ. ನೀನು ಕೇಳಲೂ ಇಲ್ಲ, ಆಮೇಲೆ ಈ ಕಡೆ ಬರಲೂ ಇಲ್ಲ. ಇದನ್ನು ಪ್ರೇಮಭಂಗದ ಕಥೆ ಮಾಡಿ ಗೆಳೆಯರೆದುರು ಹೇಳಿಕೊಳ್ಳಬೇಡ, ಅಷ್ಟು ದೊಡ್ಡ ಜಾಗ ನಿನಗೆ ಕೊಟ್ಟಿರಲಿಲ್ಲ. ಜೊತೆಗೆ ಕೆಸರು ಹೊತ್ತವನು ಎಂದು ನಂಬಿದ್ದೆ. ಅದು ಮುರಿದದ್ದೇ ನನಗೆ ಜಾಸ್ತಿ ನೋವು.

ನಿಯಮಗಳನ್ನು ಕಳಿಸುವುದಿಲ್ಲ. ಕಳಿಸಲು ಅಲ್ಲಿ ಗುಟ್ಟೇನೂ ಇಲ್ಲ. ನೀನು ಅದನ್ನು ತಲೆಯ ಮೇಲೆ ಹೊತ್ತು ನಡೆದವನು. ಅದೂ ಮರೆತಿದ್ದರೆ ನಾನು ಬರೆದುಕೊಟ್ಟದ್ದರಿಂದ ಏನು ಬಂದೀತು?

ಒಂದು ಮಾತು ಉಳಿದಿದೆ. ಆಟ ಮಾರಾಟವಾಯಿತು ಎಂದಷ್ಟೇ ಆಯಿಗೆ ಗೊತ್ತು. ನನ್ನ ಹೆಸರಿಲ್ಲದ್ದು, ಕೊನೆಯ ಸರದಿ ಇಲ್ಲದ್ದು ಹೇಳಿಲ್ಲ. ನಿನ್ನ ಮೇಲಿನ ಮಮತೆಗಲ್ಲ, ಅವಳು ನೊಂದುಕೊಳ್ಳುತ್ತಾಳೆ ಎಂದು. ನೀನು ಯಾಕೆ ಬರುವುದಿಲ್ಲ ಎಂದು ಅವಳು ಕೇಳಿದಾಗಲೆಲ್ಲ, ಕೆಲಸ ಬಹಳ ಎಂದು ನಾನೇ ನಿನ್ನ ಪರವಾಗಿ ಸುಳ್ಳು ಹೇಳುತ್ತಾ ಬಂದಿದ್ದೇನೆ. ಮೊನ್ನೆ ಜಗಲಿ ಸಾರಿಸುತ್ತಾ ಮತ್ತೆ ಕೇಳಿದಳು: “ಸಂಕೇತ ಈ ಸಲವಾದ್ರೂ ಹೊಸ್ತಿಗೆ ಬತ್ನನೆ?” ನಾನು ಕೊಡ ಎತ್ತಿಕೊಂಡು ಬಾವಿಯ ಕಡೆ ಹೋದೆ.

ಉಪ್ಪುನೀರಿಗೂ ಜಗ್ಗದ ನಮ್ಮ ಕಗ್ಗ ಭತ್ತ ಕೆಂಪಾಗುತ್ತಿದೆ, ಹೊಸತು ಇನ್ನೇನು ಬಂತು. ಆ ದಿನ ಎಲೆ ಹಾಕಿ ಕೂತಾಗ ಅವಳು ಇನ್ನೊಮ್ಮೆ ಕೇಳುತ್ತಾಳೆ, ಕೇಳದೆ ಬಿಡುವವಳಲ್ಲ. ಈ ಸಲ ನಾನು ಸುಳ್ಳು ಹೇಳುವುದಿಲ್ಲ. ಆಯೀ, ಸಂಕೇತ ಪಾಲು ತರದೆ ಉಂಡ ಎಂದು ಹೇಳುತ್ತೇನೆ.

ನಿನ್ನ ಒಡ್ಡು ಗಟ್ಟಿಯಾಗಿರಲಿ, ನಿನ್ನ ಅಂಗಳಕ್ಕೆ ಉಪ್ಪುನೀರು ಬಾರದಿರಲಿ.

ಗೋದಾವರಿಯ ಮಗಳು,
ರಕ್ಷಿತಾ